ಕೋರ್ಸ್ ಫೀಸು ಕಂಪನಿ ಕಟ್ಟಿದರೆ ಲಾಭವೋ, ನಾವೇ ಕಟ್ಟಿದರೋ?

ಎರಡನ್ನೂ ಮಾಡಿ ನೋಡಿದ್ದೇನೆ. ಕೆಲಸಕ್ಕೆ ಬೇಕಾದ ಕೋರ್ಸ್ ಆದರೆ ಫೀಸನ್ನು ಕಂಪನಿಯೇ ಕಟ್ಟಲಿ, ಅದೂ ನೇರವಾಗಿ ಸಂಸ್ಥೆಗೇ ಕಟ್ಟಲಿ. ನನ್ನ ಓಟು ಅದಕ್ಕೇ. ಇಲ್ಲಿರುವುದು 2024-25ರ ಲೆಕ್ಕ.

ಮೊದಲ ಕೋರ್ಸ್‌ಗೆ ನಾನೇ ದುಡ್ಡು ಹಾಕಿದೆ. ಫೀಸು 1.2 ಲಕ್ಷ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 1,41,600 ರೂಪಾಯಿ. ಸಂಬಳದಾರರು ತಮ್ಮದೇ ಓದಿಗೆ ಕಟ್ಟಿದ ಫೀಸಿಗೆ ತೆರಿಗೆಯಲ್ಲಿ ಏನೂ ಸಿಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್‌ನಲ್ಲಿ ಕಡಿತ ಇರುವುದು ಇಬ್ಬರು ಮಕ್ಕಳ ಟ್ಯೂಷನ್ ಫೀಸಿಗೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 30% ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 31.2% ಹೋಗುತ್ತದೆ. ಅಂದರೆ ಆ ಫೀಸು ಕಟ್ಟಲು ಸುಮಾರು 2.06 ಲಕ್ಷ ದುಡಿದಿರಬೇಕು. ಜಾಸ್ತಿ ಆಯ್ತು, ಅಲ್ವಾ?

ಮುಂದಿನ ಕೋರ್ಸ್‌ಗೆ ಕಂಪನಿ ಒಪ್ಪಿತು. ಆದರೆ ಎಚ್‌ಆರ್‌ನವರು "ಮೊದಲು ನೀವು ಕಟ್ಟಿ, ಬಿಲ್ ಕೊಡಿ" ಅಂದರು. ಹಣ ವಾಪಸ್ ಬಂತು, ಸಂಬಳದ ಜೊತೆ ಸೇರಿಕೊಂಡೇ ಬಂತು. ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಕೂಡ ಕತ್ತರಿಸಿದ್ದರು! ಪೇರೋಲ್‌ನವರನ್ನು ಕೇಳಿದೆ. ರಶೀದಿ ನಿಮ್ಮ ಹೆಸರಲ್ಲಿದೆ, ಕಟ್ಟಬೇಕಿದ್ದವರು ನೀವೇ. ನೌಕರ ಕೊಡಬೇಕಿದ್ದ ಹಣವನ್ನು ಕಂಪನಿ ಕೊಟ್ಟರೆ ಸೆಕ್ಷನ್ 17(2)ರ ಪ್ರಕಾರ ಅದೂ ಸಂಬಳವೇ ಅಂದರು. ಕೋರ್ಸ್ ಆಫೀಸಿನ ಕೆಲಸಕ್ಕೇ ಅಂತ ಮ್ಯಾನೇಜರ್ ಬರೆದ ಮೇಲ್ ತೋರಿಸಿದರೂ ಕೇಳಲಿಲ್ಲ. ಸಂಬಳ, ತೆರಿಗೆಯ ಲೆಕ್ಕಕ್ಕೆ ಕಂಪನಿ ಕೊಡುವ ಫಾರ್ಮ್ 16ರಲ್ಲೂ ಹಾಗೇ ಬಂತು.

ಪಕ್ಕದ ಟೀಮಿನ ಗೆಳತಿ ಅದೇ ಕೋರ್ಸ್ ಮಾಡಿದಳು. ಅವಳ ಇನ್‌ವಾಯ್ಸ್ ಕಂಪನಿಯ ಹೆಸರಲ್ಲಿತ್ತು, ಕಂಪನಿಯ ಜಿಎಸ್‌ಟಿ ನಂಬರೂ ಇತ್ತು. ಅದನ್ನು ಟ್ರೈನಿಂಗ್ ಖರ್ಚು ಅಂತ ಬರೆದುಕೊಂಡರು. ಅವಳ ಪೇಸ್ಲಿಪ್‌ಗೆ ಅದು ಬರಲೇ ಇಲ್ಲ. ನನ್ನ ರಶೀದಿಯಲ್ಲಿ ಹೆಸರು ಬದಲಾಯಿಸಲು ಸಂಸ್ಥೆ ಒಪ್ಪಲಿಲ್ಲ. ಹಾಗಾಗಿ ಸೇರುವ ಮೊದಲೇ ಇನ್‌ವಾಯ್ಸ್ ಯಾರ ಹೆಸರಿಗೆ ಅಂತ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ.

ಮಕ್ಕಳ ಸ್ಕೂಲ್ ಫೀಸು ಕಂಪನಿ ಕಟ್ಟಿದರೆ ತೆರಿಗೆ ಬೀಳುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಕಂಪನಿ ದುಡ್ಡಿನ ಜೊತೆ ಬಾಂಡ್ ಬರುತ್ತದೆ, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಅನ್ನುವ ಕರಾರು. ನನಗೆ ಮನೆ ಸಾಲದ ಇಎಂಐ ಇದೆ, ಆಗಾಗ ಕೆಲಸ ಬದಲಿಸುವವನೂ ಅಲ್ಲ, ಅದಕ್ಕೆ ಕಷ್ಟವಾಗಲಿಲ್ಲ. ಆದರೆ ಸುಮ್ನೆ ಸಹಿ ಹಾಕಬೇಡಿ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಬಾಂಡನ್ನೂ, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನೂ ಎತ್ತಿಹಿಡಿದಿದೆ.

ಕೆಲಸ ಬಿಟ್ಟು ಎಂಬಿಎ, ಎಂ.ಟೆಕ್ ಮಾಡುವವರ ಲೆಕ್ಕ ಬೇರೆ. ಅವರು ಕೈಯಲ್ಲಿರುವ ದುಡ್ಡು ಸುರಿಯುವ ಬದಲು ಬ್ಯಾಂಕಿನ ಶಿಕ್ಷಣ ಸಾಲ ನೋಡಲಿ. ಅದೇ ಕಾಯ್ದೆಯ 80ಇ ಸೆಕ್ಷನ್ ಅಡಿ ಬಡ್ಡಿಗೆ 8 ವರ್ಷದವರೆಗೆ ಕಡಿತ ಸಿಗುತ್ತದೆ, ಮೊತ್ತಕ್ಕೆ ಮಿತಿಯಿಲ್ಲ. ಅಸಲಿಗೆ ಸಿಗುವುದಿಲ್ಲ. ಹೊಸ ಪದ್ಧತಿ ಆರಿಸಿಕೊಂಡರೆ ಬಡ್ಡಿಗೂ ಇಲ್ಲ.