ಹಳೆಯ ಮರ್ಸಿಡಿಸ್ 300ಡಿ ಕಾರಿನ ಏಸಿ ಮತ್ತು ಹೀಟರ್ ದುರಸ್ತಿ: ಜೆ.ಸಿ. ರಸ್ತೆಯ ಒಂದು ಚಿಕ್ಕ ವರ್ಕ್‌ಶಾಪಿನ ಸೇವೆ

300ಡಿ ಸೇರಿರುವ ಮರ್ಸಿಡಿಸ್‌ನ ಡಬ್ಲ್ಯು123 ಸರಣಿಯ ಹಳೆಯ ಕಾರಿನಲ್ಲಿ ತಣ್ಣನೆಯ ಗಾಳಿ ನಿಂತಿತೆಂದರೆ ಹೆಚ್ಚಿನ ಗ್ಯಾರೇಜುಗಳಿಗೆ ಗೊತ್ತಿರುವ ಮದ್ದು ಒಂದೇ, ಗ್ಯಾಸ್ ತುಂಬುವುದು. ನನ್ನ 1984ರ 300ಡಿ ಕಾರಿಗೂ ಬೇರೊಂದು ಕಡೆ ಅದನ್ನೇ ಮಾಡಿದ್ದರು, ಮುಂದಿನ ಬೇಸಿಗೆಯ ಹೊತ್ತಿಗೆ ಗಾಳಿ ಮತ್ತೆ ಬಿಸಿಯಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಹಳೆಯ ಕಾರುಗಳ ಏಸಿ ಕೆಲಸವನ್ನಷ್ಟೇ ಮಾಡುವ ಈ ವರ್ಕ್‌ಶಾಪಿನವರು ಗ್ಯಾಸಿನ ಗೇಜನ್ನು ಕೈಗೆತ್ತಿಕೊಳ್ಳುವ ಮೊದಲು ಹೀಟರಿನ ನೀರಿನ ಪೈಪುಗಳನ್ನು ಮುಟ್ಟಿ ನೋಡಿದರು. ಅವರ ಮೇಲೆ ನನಗೆ ವಿಶ್ವಾಸ ಮೂಡಿದ್ದು ಅಲ್ಲಿಯೇ.

ಸ್ವಯಂಚಾಲಿತ ಹವಾ ನಿಯಂತ್ರಣವಿರುವ ಈ ಕಾರುಗಳಲ್ಲಿ ಏಸಿ ಮತ್ತು ಹೀಟರ್ ಒಂದೇ ಪೆಟ್ಟಿಗೆಯಲ್ಲಿವೆ. ಗಾಳಿ ಮೊದಲು ಎವಾಪರೇಟರ್ ದಾಟಿ ತಣ್ಣಗಾಗುತ್ತದೆ, ಆಮೇಲೆ ಹೀಟರ್ ಕೋರ್ ದಾಟಿ ಒಳಗೆ ಬರುತ್ತದೆ. ಆ ಕೋರಿಗೆ ಎಷ್ಟು ಬಿಸಿನೀರು ಹೋಗಬೇಕೆಂಬುದನ್ನು ಮೊನೋವಾಲ್ವ್ ಎಂಬ ವಿದ್ಯುತ್ ಕವಾಟ ನಿರ್ಧರಿಸುತ್ತದೆ. ಕರೆಂಟ್ ಬಂದಾಗ ಅದು ಮುಚ್ಚುತ್ತದೆ, ಇಲ್ಲದಿದ್ದಾಗ ತೆರೆದೇ ಇರುತ್ತದೆ. ಹೀಗಾಗಿ ಅದರೊಳಗಿನ ರಬ್ಬರ್ ಪೊರೆ ಹರಿದರೆ ಎಂಜಿನ್ನಿನ ಬಿಸಿನೀರು ಸದಾ ಹರಿಯುತ್ತಿರುತ್ತದೆ, ಏಸಿ ಎಷ್ಟೇ ತಂಪು ಮಾಡಿದರೂ ಹೀಟರ್ ಅದನ್ನು ಅಲ್ಲಿಯೇ ಕೆಡಿಸುತ್ತದೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಇಡೀ ಕವಾಟ ಬದಲಿಸುವ ಅಗತ್ಯವಿರಲಿಲ್ಲ, ಒಳಗಿನ ಭಾಗದ ಕಿಟ್ ಪ್ರತ್ಯೇಕವಾಗಿ ಸಿಗುತ್ತದೆ. ಅದರ ಜೊತೆಗೆ, ಹೀಟರಿಗೆ ನೀರು ತಳ್ಳುವ ಸಹಾಯಕ ಪಂಪು ಎಷ್ಟು ಕರೆಂಟ್ ಎಳೆಯುತ್ತಿದೆಯೆಂದು ಅಳೆದು, ಅದು ಬಿಗಿದುಕೊಳ್ಳುತ್ತಿದೆ ಎಂದು ಕಂಡುಹಿಡಿದರು. ಇದನ್ನು ಹಾಗೆಯೇ ಬಿಟ್ಟಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಏಸಿ-ಹೀಟರನ್ನು ನಿಯಂತ್ರಿಸುವ ಬಟನ್ ಯೂನಿಟ್ ಸುಟ್ಟುಹೋಗುವ ಸಾಧ್ಯತೆಯಿತ್ತು, ಆ ಯೂನಿಟ್ಟಿನ ಬೆಲೆಯ ಮುಂದೆ ಪಂಪಿನ ಬೆಲೆ ಏನೇನೂ ಅಲ್ಲ.

ಎರಡನೆಯ ತೊಂದರೆ ನಿರ್ವಾತದ್ದು. ಈ ಡೀಸೆಲ್ ಕಾರಿನಲ್ಲಿ ಎಂಜಿನ್ನಿಗೆ ಜೋಡಿಸಿದ ಒಂದೇ ವ್ಯಾಕ್ಯೂಮ್ ಪಂಪು ಬ್ರೇಕಿಗೂ, ಬಾಗಿಲುಗಳ ಬೀಗಕ್ಕೂ, ಗಾಳಿಯ ದಿಕ್ಕು ಬದಲಿಸುವ ಫ್ಲ್ಯಾಪುಗಳಿಗೂ, ಕೀಲಿ ತಿರುಗಿಸಿದಾಗ ಎಂಜಿನ್ ನಿಲ್ಲಿಸುವುದಕ್ಕೂ ಒದಗಬೇಕು. ಮಧ್ಯದ ಕಿಂಡಿಗಳಿಂದ ಗಾಳಿ ಬಾರದಿರುವುದು ಮತ್ತು ಕೀಲಿ ತೆಗೆದರೂ ಎಂಜಿನ್ ಕೆಲವು ಕ್ಷಣ ಓಡುತ್ತಲೇ ಇರುವುದು ನನಗೆ ಎರಡು ಬೇರೆ ಬೇರೆ ರೋಗಗಳಾಗಿ ಕಂಡಿದ್ದವು. ಕೈಪಂಪಿನಿಂದ ಒಂದೊಂದೇ ಕೊಳವೆಯನ್ನು ಪರೀಕ್ಷಿಸಿ, ಡ್ಯಾಶ್‌ಬೋರ್ಡಿನ ಹಿಂದೆ ಬಿರುಕು ಬಿಟ್ಟು ನಿರ್ವಾತ ಸೋರುತ್ತಿದ್ದ ಒಂದು ಪಾಡ್ (ನಿರ್ವಾತದ ಬಲದಿಂದ ಫ್ಲ್ಯಾಪನ್ನು ಎಳೆಯುವ ಚಿಕ್ಕ ಡಬ್ಬಿ) ಎರಡಕ್ಕೂ ಕಾರಣವೆಂದು ಅವರು ತೋರಿಸಿದರು.

ಇಷ್ಟಾದ ಮೇಲೆ ಗ್ಯಾಸಿನ ಸರದಿ. ಈ ಕಾರು ತಯಾರಾದದ್ದು ಏಸಿಗೆ ಆರ್-12 ಎಂಬ ಅನಿಲ ತುಂಬುತ್ತಿದ್ದ ಕಾಲದಲ್ಲಿ. ಓಝೋನ್ ಪದರವನ್ನು ಹಾಳುಮಾಡುವ ಆ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಕೈಬಿಡಲಾಗಿದೆ, ಈಗ ಉಳಿದಿರುವ ಸುಲಭದ ದಾರಿ ಆರ್-134ಎ ಎಂಬ ಅನಿಲ. ಆದರೆ ಕಂಪ್ರೆಸರಿಗೆ ಹಾಕುವ ಹಳೆಯ ಖನಿಜ ತೈಲ ಇದರೊಂದಿಗೆ ಬೆರೆಯುವುದಿಲ್ಲ, ಹಳೆಯ ಹೋಸುಗಳು ಇದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ವರ್ಕ್‌ಶಾಪಿನವರು ವ್ಯವಸ್ಥೆಯನ್ನು ತೊಳೆದು ಎಸ್ಟರ್ ತೈಲ ಹಾಕಿದರು, ಒಳಪದರವಿರುವ ಹೊಸ ಹೋಸುಗಳು, ಹಸಿರು ಓ-ರಿಂಗುಗಳು, ತೇವ ಹೀರುವ ಡ್ರೈಯರ್ ಮತ್ತು ಎಕ್ಸ್‌ಪಾನ್ಶನ್ ವಾಲ್ವ್ ಕೂರಿಸಿದರು, ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರನ್ನು ಹೆಚ್ಚು ದಕ್ಷವಾದ ಪ್ಯಾರಲಲ್ ಫ್ಲೋ ಮಾದರಿಗೆ ಬದಲಿಸಿದರು. ನೈಟ್ರೋಜನ್ ತುಂಬಿ ಸೋರಿಕೆ ನೋಡಿದ ನಂತರವೇ, ಒಳಗಿನ ಗಾಳಿ ಮತ್ತು ತೇವ ತೆಗೆಯಲು ವ್ಯಾಕ್ಯೂಮ್ ಎಳೆದರು. ಕೈಪಿಡಿಗಳು ಹೇಳುವ 29 ಇಂಚು ಪಾದರಸಕ್ಕೆ ಬದಲಾಗಿ ಮುಳ್ಳು 27ರ ಆಸುಪಾಸಿನಲ್ಲಿ ನಿಂತಿದ್ದನ್ನು ಕಂಡು ನಾನು ಕೇಳಿದಾಗ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಪೂರ್ಣ ನಿರ್ವಾತಕ್ಕೂ ಗೇಜು ತೋರಿಸುವುದು ಅಷ್ಟೇ ಎಂದು ವಿವರಿಸಿದರು. ಗ್ಯಾಸನ್ನು ಆರ್-12ರ ಅಳತೆಗಿಂತ ಶೇಕಡಾ 15ರಷ್ಟು ಕಡಿಮೆ, ಅದೂ ತೂಕ ಮಾಡಿ ತುಂಬಿದರು.

ಕಂಪ್ರೆಸರ್ ವಿಷಯದಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿತ್ತು. ಕಾರಿನ ಮೂಲ ಕಂಪ್ರೆಸರಾದ ಡೆಲ್ಕೊ ಆರ್4 ಸೋರುವುದಕ್ಕೆ ಹೆಸರಾದದ್ದು, ಹೊಸ ಬ್ರಾಕೆಟ್ ಮಾಡಿಸಿ ಸ್ಯಾಂಡೆನ್ ಕಂಪನಿಯದನ್ನು ಹಾಕುವುದು ಲೇಸು ಎಂಬುದು ಅವರ ವಾದವಾಗಿತ್ತು. ತಾಂತ್ರಿಕವಾಗಿ ಅವರ ಮಾತು ಸರಿ. ಆದರೂ ಬಾನೆಟ್ಟಿನ ಕೆಳಗೆ ಕಾರ್ಖಾನೆಯ ಜೋಡಣೆಯೇ ಉಳಿಯಬೇಕೆಂಬುದು ನನ್ನ ಹಂಬಲವಾಗಿತ್ತು, ಅದನ್ನು ಗೌರವಿಸಿ ಆರ್4ರ ಶಾಫ್ಟ್ ಸೀಲನ್ನೇ ಬದಲಿಸಿಕೊಟ್ಟರು.

ಹೊರಗೆ 34 ಡಿಗ್ರಿ ಇದ್ದ ಮಧ್ಯಾಹ್ನ, ಓಡುತ್ತಿದ್ದ ಕಾರಿನ ಮಧ್ಯದ ಕಿಂಡಿಯಲ್ಲಿಟ್ಟ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಸಿಗ್ನಲ್ಲಿನಲ್ಲಿ ನಿಂತಾಗ ಅದು 14ಕ್ಕೆ ಏರುತ್ತದೆ, ಆರ್-134ಎಗೆ ಬದಲಾದ ಹಳೆಯ ಕಾರಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ನನಗೆ ಇದಕ್ಕಿಂತಲೂ ದೊಡ್ಡ ಲಾಭವೆಂದರೆ ಹೀಟರ್. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಏಸಿ ಗಾಳಿಯ ತೇವವನ್ನು ಹೀರಿ, ಹೀಟರ್ ಅದೇ ಒಣಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಬೀಸುವುದರಿಂದ ಒಳಗಿನ ಮಂಜು ನೋಡನೋಡುತ್ತಲೇ ಕರಗುತ್ತದೆ.

ಕೊರತೆಗಳೂ ಇವೆ. ಅಂದಾಜು ವೆಚ್ಚವನ್ನು ಬರೆದು ಕೊಡುವ ರೂಢಿ ಇಲ್ಲಿಲ್ಲ, ಕೊನೆಯ ಬಿಲ್ಲು ಬಾಯಿಮಾತಿನ ಲೆಕ್ಕವನ್ನು ಮೀರಿತು. ಹೇಳಿದ ದಿನಕ್ಕೆ ಕಾರು ಸಿಗಲಿಲ್ಲ, ಡ್ಯಾಶ್‌ಬೋರ್ಡಿನ ಮರದ ಪಟ್ಟಿಯ ಒಂದು ಕ್ಲಿಪ್ ಮುರಿದಿತ್ತು. ಹೋಗುವವರು ವೆಚ್ಚದ ವಿವರವನ್ನು ಮೊದಲೇ ಕಾಗದದ ಮೇಲೆ ಪಡೆಯುವುದು ಒಳ್ಳೆಯದು. ಮೊನೋವಾಲ್ವ್ ಕಿಟ್ ಮತ್ತು ವ್ಯಾಕ್ಯೂಮ್ ಪಾಡುಗಳನ್ನು ಮುಂಚಿತವಾಗಿ ತರಿಸಿಟ್ಟುಕೊಂಡು ಹೋದರೆ ಕಾಯುವ ಕಾಲವೂ ಬಹಳಷ್ಟು ಕಡಿಮೆಯಾಗುತ್ತದೆ.