ಅವ್ವನ ಆರೈಕೆಗೆ ದುಡ್ಡು: ಎಲ್ಲಿಟ್ಟರೆ ಹೊಂದುತ್ತೆ?

ಸಿಂಧನೂರಿನ ಗೆಳೆಯ ಕೇಳಿದ್ದ: "ಅವ್ವ ಹಾಸಿಗೆ ಹಿಡಿದಿದ್ದಾಳೆ, ಅಪ್ಪನಿಗೂ ವಯಸ್ಸಾಯಿತು. ನೋಡಿಕೊಳ್ಳುವಾಕೆಗೆ ತಿಂಗಳಾ ಸಂಬಳ ಕೊಡಬೇಕು. ಹೊಲ ಮಾರಿದ 15 ಲಕ್ಷ ಇದೆ. ಎಲ್ಲಿಡಲಿ?"

ಮೊದಲು ಬಡ್ಡಿ. 2025ರ ದರದಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ. 8.2, ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ ಶೇ. 7.4. ಅಂದರೆ 15 ಲಕ್ಷಕ್ಕೆ ಮೊದಲನೆಯದು ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಕೊಡುತ್ತದೆ. ಎರಡನೆಯದು ತಿಂಗಳಿಗೆ 9,250. ಲೆಕ್ಕ ಹಾಕಿದರೆ ತಿಂಗಳಿಗೆ ಸಾವಿರ ರೂಪಾಯಿ ವ್ಯತ್ಯಾಸ. ಕಡಿಮೆಯೇನಲ್ಲ, ಡೈಪರ್ ಖರ್ಚಿಗಾದರೂ ಆಗುತ್ತದೆ.

ಆದರೆ ಸಂಬಳ ಕೇಳುವಾಕೆ ಮೂರು ತಿಂಗಳು ಕಾಯುತ್ತಾಳಾ? ಕೈಯಲ್ಲಿ ಎರಡು ತಿಂಗಳ ಖರ್ಚು ಇದ್ದವರಿಗೆ ಮೊದಲನೆಯದೇ ಸರಿ. ಪೆನ್ಷನ್ ಇಲ್ಲದೆ, ಬಂದದ್ದು ಬಂದಹಾಗೆ ಖರ್ಚಾಗುವ ಮನೆಗೆ ಮಾಸಿಕ ಯೋಜನೆ ಹೊಂದುತ್ತದೆ. ಅದರಲ್ಲಿ ಒಬ್ಬರ ಹೆಸರಿಗೆ 9 ಲಕ್ಷವೇ ಮಿತಿ, 15 ಇಡಲು ಜಂಟಿ ಖಾತೆ ಬೇಕು.

ಎರಡೂ ಐದು ವರ್ಷದ್ದು. ನಡುವೆ ತೆಗೆದರೆ ಅಸಲಿನಲ್ಲೇ ಕಡಿತ. ಅದಕ್ಕೇ ಆಸ್ಪತ್ರೆಗೆಂದು ಎರಡು ಲಕ್ಷವನ್ನಾದರೂ ಸುಮ್ನೆ ಬ್ಯಾಂಕಿನಲ್ಲೇ ಬಿಡಿ ಅಂತೀನಿ.

ದುಡ್ಡಿಲ್ಲ, ಸ್ವಂತ ಮನೆ ಮಾತ್ರ ಇದೆ ಅನ್ನುವವರಿಗೆ ರಿವರ್ಸ್ ಮಾರ್ಟ್‌ಗೇಜ್ ಇದೆ. 60 ದಾಟಿದವರು ಮನೆ ಅಡವಿಟ್ಟು, ಅಲ್ಲೇ ಇದ್ದುಕೊಂಡು ಬ್ಯಾಂಕಿನಿಂದ ಹಣ ಪಡೆಯಬಹುದು. ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮುಂದೆ ಮಕ್ಕಳು ಸಾಲ ತೀರಿಸಬೇಕು, ಇಲ್ಲವೇ ಮನೆ ಮಾರಾಟ. ಅಣ್ಣತಮ್ಮಂದಿರು ಮೊದಲೇ ಕೂತು ಮಾತಾಡದಿದ್ದರೆ ಇದಕ್ಕೆ ಕೈ ಹಾಕಬೇಡಿ.