ಮಾವಿನ ಕಪ್ಪು ತುದಿಗೆ ಬೋರಾಕ್ಸ್ ಪುಡಿ: ಹೊತ್ತಿಗೆ ಸರಿಯಾಗಿ ಹೊಡೆದರೆ ಫಲ ಇದೆ

ಇಟ್ಟಿಗೆ ಗೂಡಿನ ಹತ್ತಿರ ಮಾವಿನ ತೋಟ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೋರಾಕ್ಸ್ ಅಂದರೆ ಬೋರಾನ್ ಇರುವ ಒಂದು ಲವಣ; ಈ ಪುಡಿಗೆ 5ಕ್ಕೆ 4 ಸ್ಟಾರ್.

ನಮ್ಮದು ಕೋಲಾರದ ಕಡೆ. ದಶೇರಿ, ಬೇನಿಷಾ, ತೋತಾಪುರಿ ಇವೆ, ತೋಟದ ಪಕ್ಕದಲ್ಲೇ ಗೂಡು. ಕಾಯಿ ಸ್ವಲ್ಪ ದಪ್ಪಗಾಗುತ್ತಿದ್ದಂತೆ ಅದರ ಕೆಳಗಿನ ತುದಿ ಬಿಳುಚಿಕೊಳ್ಳುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಕೊನೆಗೆ ಇದ್ದಿಲಿನ ಹಾಗೆ ಕಪ್ಪಾಗಿ ಗಟ್ಟಿಯಾಗುತ್ತದೆ. ತೊಟ್ಟಿನ ಕಡೆ ಮಾತ್ರ ಹಸಿರಾಗಿ ಚೆನ್ನಾಗಿಯೇ ಇರುತ್ತದೆ! ಅಂಗಡಿಯವರು ಚಿಬ್ಬು ರೋಗ ಅಂತ ಹೇಳಿ ಶಿಲೀಂಧ್ರನಾಶಕ ಕೊಟ್ಟರು. ಸುಮ್ನೆ ದುಡ್ಡು ದಂಡ. ಇದರಲ್ಲಿ ಶಿಲೀಂಧ್ರವೇ ಇಲ್ಲ. ಗೂಡಿನ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್, ಎಥಿಲೀನ್, ಕಾರ್ಬನ್ ಮಾನಾಕ್ಸೈಡ್ ಸೇರಿ ಮಾಡುವ ಕೆಲಸ ಇದು. ಬಿಹಾರದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಗುರುತಿಸಿದ್ದರು. ದಶೇರಿಗೆ ಕಾಟ ಜಾಸ್ತಿ, ನಮ್ಮಲ್ಲೂ ಮೊದಲು ಕೆಟ್ಟಿದ್ದು ಅದೇ. ಗೂಡು ಉರಿಯುವುದು ಬೇಸಿಗೆಯಲ್ಲಿ, ಕಾಯಿ ಬೆಳೆಯುವುದೂ ಬೇಸಿಗೆಯಲ್ಲೇ ಅಲ್ವಾ, ತಪ್ಪಿಸಿಕೊಳ್ಳುವುದು ಹೇಗೆ?

ಈಗ ಪುಡಿ ವಿಷಯ. ಲೀಟರ್ ನೀರಿಗೆ 6 ಗ್ರಾಂ, ಅಂದರೆ 200 ಲೀಟರ್ ಡ್ರಮ್ಮಿಗೆ 1.2 ಕೆಜಿ. ಹೂ ಬಿಡುವ ಮೊದಲು, ಹೂವಿನ ಹೊತ್ತಿನಲ್ಲಿ, ಮತ್ತೆ ಕಾಯಿ ಕಚ್ಚಿದ ಮೇಲೆ ಹೊಡೆಯಬೇಕು. ತುದಿ ಕಪ್ಪಾದ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಸರಿಹೋಗುವುದಿಲ್ಲ. ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ, ತಳದಲ್ಲಿ ಕೂತು ನಾಜಲ್ ಕಟ್ಟಿಕೊಳ್ಳುತ್ತದೆ, ಹಾಗಾಗಿ ಒಂದು ಬಕೆಟ್ ಬಿಸಿನೀರಿನಲ್ಲಿ ಮೊದಲು ಕಲಸಿ, ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಾಕಿ. ಜಾಸ್ತಿ ಹಾಕಿದರೆ ಬೇಗ ಗುಣ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಬೋರಾನ್ ಮಿತಿ ಮೀರಿದರೆ ಎಲೆಯ ಅಂಚು ಸುಡುತ್ತದೆ. ನಾನು ತಂದ ಪ್ಯಾಕೆಟ್ಟಿನ ಮೇಲೆ ಇದರಲ್ಲಿ ಒಂದು ಸಾಲೂ ಇರಲಿಲ್ಲ, ಅದಕ್ಕೇ ಒಂದು ಸ್ಟಾರ್ ಕಡಿಮೆ.

ಫಲ? ಒಳಗಿನ ಸಾಲುಗಳಲ್ಲಿ ಕಪ್ಪು ಕಾಯಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಮಂಡಿಯಲ್ಲಿ ಹಣ್ಣನ್ನು ಬೇರೆ ಮಾಡಿ ಪಕ್ಕಕ್ಕೆ ಎಸೆಯುವುದು ತಪ್ಪಿತು. ಗೂಡಿಗೆ ಹತ್ತಿಕೊಂಡಿರುವ ಸಾಲಿನಲ್ಲಿ ಮಾತ್ರ ಈಗಲೂ ಬರುತ್ತದೆ. ಅಷ್ಟು ಹೊಗೆಯನ್ನು ಯಾವ ಪುಡಿಯೂ ತಡೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹೊಗೆ ಬಿಡುವವರು ಒಬ್ಬರು, ಪುಡಿಗೂ ಕೂಲಿಗೂ ದುಡ್ಡು ಸುರಿಯುವವರು ನಾವು. ಕೇಂದ್ರ ಪರಿಸರ ಸಚಿವಾಲಯದ 2022ರ ನಿಯಮದಲ್ಲಿ ಇಟ್ಟಿಗೆ ಗೂಡು ಹಣ್ಣಿನ ತೋಟದಿಂದ ಕನಿಷ್ಠ 800 ಮೀಟರ್ ದೂರ ಇರಬೇಕು ಅಂತ ಇದೆ. ನಿಮ್ಮ ತೋಟದ ಹತ್ತಿರ ಹೊಸ ಗೂಡು ಏಳುತ್ತಿದ್ದರೆ ಈಗಲೇ ದೂರ ಅಳೆಯಿರಿ, ಫೋಟೊ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಅದರ ಉತ್ತರಕ್ಕೆ ಕಾಯುತ್ತಾ ಸ್ಪ್ರೇ ಮಾತ್ರ ನಿಲ್ಲಿಸಬೇಡಿ.